ಕೇಳದವರ ಕಡೆಗೂ ಕಣ್ಣಿರಲಿ

ಹೊರನಾಡಿಗೆ ಬಂದ ಮೇಲೆ ನನಗೆ ಎದ್ದು ಕಂಡ ವ್ಯತ್ಯಾಸ ಅಂದರೆ ಸಹಾಯ ಮಾಡುವ ರೀತಿ. ನಾವು ಬೆಳೆದ ಸಭೆಯಲ್ಲಿ, ಅಂದರೆ ನಮ್ಮೂರ ಚರ್ಚಿನಲ್ಲಿ, ಯಾರೂ ಹೇಳಿ ಕಳಿಸಬೇಕಿರಲಿಲ್ಲ. ಒಂದೆರಡು ಭಾನುವಾರ ಕಾಣಿಸದಿದ್ದರೆ ಮನೆಗೇ ಬಂದು ವಿಚಾರಿಸುತ್ತಿದ್ದರು. ಇಲ್ಲಿನ ಸಭೆಯಲ್ಲಿ "ಏನಾದ್ರೂ ಬೇಕಿದ್ರೆ ಹೇಳಿ" ಅನ್ನುತ್ತಾರೆ. ಬಾಯಿಮಾತಿಗಲ್ಲ, ಹೇಳಿದರೆ ಎದ್ದು ಬಂದೇ ಬರುತ್ತಾರೆ. ಆದರೆ ಹೇಳುವ ತನಕ ಬರುವುದಿಲ್ಲ.

ಹೇಳಬೇಕು ಅಂದರೆ ಭಾಷೆ ಬೇಕು, ಸಲುಗೆ ಬೇಕು, ಒಂದಿಷ್ಟು ಧೈರ್ಯವೂ ಬೇಕು. ಕಷ್ಟದಲ್ಲಿರುವವರ ಹತ್ತಿರ ಎಷ್ಟೋ ಸಲ ಇಲ್ಲದಿರುವುದು ಇವೇ ಅಲ್ವಾ?

ಮಗನ ಮನೆಗೆ ಬಂದು ನೆಲೆಸಿದ ಒಬ್ಬ ತಾಯಿ ನಮ್ಮ ಸಭೆಗೆ ಬರುತ್ತಾರೆ. ಅವರಿಗೆ ಇಲ್ಲಿನ ಮಾತು ಒಂದಕ್ಷರ ಬರುವುದಿಲ್ಲ. ಎಲ್ಲರೂ ಅವರನ್ನು ನೋಡಿ ನಗುತ್ತಾರೆ, ಅವರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಅವರ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ದಾರ ಕಟ್ಟಿ ಕಿವಿಗೆ ಸಿಕ್ಕಿಸಿಕೊಂಡಿದ್ದರು. ಒಂದು ಕೈಯಲ್ಲಿ ಬೈಬಲ್, ಇನ್ನೊಂದು ಕೈಯಲ್ಲಿ ಜಾರುವ ಕನ್ನಡಕ. ಅದು ಕಣ್ಣಿಗೆ ಬಿದ್ದದ್ದು ಪಕ್ಕದಲ್ಲಿ ಕೂತಿದ್ದ ಒಬ್ಬ ಹುಡುಗನಿಗೆ. ಅವನೂ ಹೊರಗಿನಿಂದ ಬಂದವನು, ಅವನ ಭಾಷೆ ಇನ್ನೊಂದು. ಆರಾಧನೆ ಮುಗಿದ ಮೇಲೆ ಕೈಸನ್ನೆಯಲ್ಲೇ ಅವರನ್ನು ಕೇಳಿ, ಮಗನಿಗೂ ಒಂದು ಮಾತು ಹೇಳಿ, ತೆಗೆದುಕೊಂಡು ಹೋದ. ಅವತ್ತು ಸಂಜೆಯೇ ಸರಿಮಾಡಿಸಿ ತಂದುಕೊಟ್ಟ.

ಇದು ಅವನಿಗೇ ಕಂಡದ್ದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೋಡಿ. ಯೆರೂಸಲೇಮಿನ ಸಭೆಯಲ್ಲಿ ದಿನಾ ವಿಧವೆಯರಿಗೆ ಆಹಾರ ಹಂಚುವ ಏರ್ಪಾಡಿತ್ತು. ಅದರಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಬೇಕಂತಲೇ ಬಿಟ್ಟರು ಅಂತ ಅಲ್ಲಿ ಬರೆದಿಲ್ಲ. ಸುಮ್ನೆ ಕಣ್ತಪ್ಪಿರಬೇಕು. ಅಷ್ಟು ಪ್ರೀತಿಯಿದ್ದ ಸಭೆಯಲ್ಲೇ ಹೀಗಾಯಿತು! ಗೊಣಗಾಟ ಕಿವಿಗೆ ಬಿದ್ದಾಗ ಸಭೆಯನ್ನು ನಡೆಸುತ್ತಿದ್ದ ಅಪೊಸ್ತಲರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಆ ಕೆಲಸಕ್ಕೆ 7 ಜನರನ್ನು ಆರಿಸಲು ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಅವರಲ್ಲಿ ನಿಕೊಲಾಯ ಹುಟ್ಟಾ ಯೆಹೂದ್ಯನೂ ಅಲ್ಲ, ಅಂತಿಯೋಕ್ಯದವನು. ಯಾರ ಕಡೆಯವರು ಬಿಟ್ಟುಹೋಗಿದ್ದರೋ ಅವರ ಕೈಗೇ ಹಂಚುವ ಕೆಲಸ ಕೊಟ್ಟರು ಅಂತ ನಾನು ಅರ್ಥಮಾಡಿಕೊಂಡಿದ್ದೇನೆ.

ಹಾಗಂತ ನಮ್ಮ ಹಳೆಯ ರೀತಿಯೇ ಸರಿ ಅಂತಲ್ಲ. ನಾವು ನೋಡುತ್ತೇವೆ ನಿಜ, ಆದರೆ ಅವರಿಗೇನು ಬೇಕು ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಯೆರಿಕೋವಿನ ದಾರಿ ಪಕ್ಕದಲ್ಲಿ ಕೂತಿದ್ದ ಬಾರ್ತಿಮಾಯ ಕುರುಡ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ನಿನಗೆ ನಾನೇನು ಮಾಡಲಿ ಅಂತ ಯೇಸು ಅವನನ್ನೇ ಕೇಳಿದ. ಈ ಮರ್ಯಾದೆಯನ್ನು ಇಲ್ಲಿನವರಿಂದ ನಾವು ಕಲಿಯಬೇಕು.

ಕೇಳುವುದಕ್ಕೂ ಒಂದು ರೀತಿಯಿದೆ. "ಏನಾದ್ರೂ ಬೇಕಾ" ಅಂದರೆ ಯಾರಾದರೂ ಬೇಡ ಅಂತಲೇ ಅನ್ನುತ್ತಾರೆ. "ನಾಳೆ ಆಸ್ಪತ್ರೆಗೆ ನಾನು ಜೊತೆಗೆ ಬರಲಾ?" ಅಂದರೆ ಹೂಂ ಅನ್ನುವುದು ಸುಲಭ. ಸಭಾಮಂದಿರದ ಅಧಿಕಾರಿ ಯಾಯಿರನ ಸತ್ತ ಮಗಳು ಯೇಸುವಿನ ಮಾತಿಗೆ ಬದುಕಿ ಎದ್ದಾಗ ಅಲ್ಲಿದ್ದವರೆಲ್ಲ ಬೆರಗಾಗಿ ನಿಂತಿದ್ದರು. ಹುಡುಗಿಗೆ ತಿನ್ನಲು ಏನಾದರೂ ಕೊಡಿ ಅಂದವನು ಯೇಸು. ಮಾರ್ಕನ ಸುವಾರ್ತೆಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಅಂಥ ಹೊತ್ತಿನಲ್ಲೂ ಮಗುವಿನ ಹಸಿವು ಅವನಿಗೆ ಕಂಡಿತು.

ಈಗ ನಮ್ಮ ಕನ್ನಡ ಕೂಟಗಳ ಮಾತಿಗೆ ಬರುತ್ತೇನೆ. ಹೊರನಾಡಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವುದೇ ಒಂದು ಸಂತೋಷ. ಆದರೆ ಅಲ್ಲೂ ಕನ್ನಡ ಬಾರದ ಸೊಸೆ, ಅಳಿಯ ಇರುತ್ತಾರೆ. ನಾವು ಜೋರಾಗಿ ಹರಟುವಾಗ ಅವರು ಮಗುವನ್ನು ಆಡಿಸುತ್ತಾ ಒಂದು ಮೂಲೆಯಲ್ಲಿ ಇರುತ್ತಾರೆ. ಯೆರೂಸಲೇಮಿನ ಸಭೆ ಮಾಡಿದ್ದನ್ನು ನಾವೂ ಮಾಡಬಹುದು. ಹೊಸದಾಗಿ ಬಂದವರನ್ನು, ಕಾಯಿಲೆ ಬಿದ್ದವರನ್ನು ವಿಚಾರಿಸುವ ತಂಡಕ್ಕೆ ಆ ಸೊಸೆಯನ್ನೇ ಮೊದಲು ಕರೆಯೋಣ. ಯಾರು ಒಂಟಿಯಾಗಿ ಕೂತಿದ್ದಾರೆ ಅನ್ನುವುದು ನಮಗಿಂತ ಅವಳಿಗೆ ಜಾಸ್ತಿ ಗೊತ್ತು.