ಎಂಜಿನ್ನಿಗೂ ಕೌದಿ

ನಮ್ಮಣ್ಣನ ಮಗ ಕೆನಡಾದಲ್ಲಿ ಪೈಲಟ್ ತರಬೇತಿಯಲ್ಲಿದ್ದಾನೆ. ಮೊನ್ನೆ ವಿಡಿಯೋ ಕಾಲ್ ಮಾಡಿ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ತೋರಿಸಿದ. ಮೂತಿಗೆ ದಪ್ಪನೆಯ ಹೊದಿಕೆ, ಒಳಗೆ ಕರೆಂಟಿನ ಹೀಟರು. “ಕಾಕಾ, ಇಲ್ಲಿ ಎಂಜಿನ್ನಿಗೂ ಕೌದಿ ಹೊಚ್ಚಬೇಕ್ರಿ!” ಅಂದ. ಹುಬ್ಬಳ್ಳಿಯಲ್ಲಿ 14 ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಹುಡುಕುತ್ತೇವೆ. ಅಲ್ಲಿ ಮೈನಸ್ 20.

ಗೋಕುಲ ರೋಡಿನಲ್ಲಿ ಮೂವತ್ತು ವರ್ಷ ಬುಲೆಟ್ ರಿಪೇರಿ ಮಾಡಿದವನು ನಾನು. ವಿಮಾನ ಓಡಿಸೋದು ಗೊತ್ತಿಲ್ಲ. ಆದರೆ ಆ ಎಂಜಿನ್ ನಮ್ಮ ಹಳೇ ಬುಲೆಟ್ಟಿನ ದೊಡ್ಡಣ್ಣನೇ. ರೇಡಿಯೇಟರ್ ಇಲ್ಲ, ತಣ್ಣಗಾಗಲು ಮೈಮೇಲಿನ ತೆಳು ಪಟ್ಟಿಗಳ, ಅಂದರೆ ಫಿನ್‌ಗಳ, ಮೇಲೆ ಗಾಳಿ ಹಾಯಬೇಕು. ಪಿಸ್ಟನ್ ಓಡಾಡುವ ಬ್ಯಾರಲ್ ಉಕ್ಕಿನದು, ಅದನ್ನು ಮುಚ್ಚುವ ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ತಣ್ಣಗಾದರೆ ಹಾಗೇ ಕುಗ್ಗುತ್ತದೆ. ಎತ್ತರದಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ರೊಯ್ಯನೆ ಇಳಿದರೆ? ಒಳಗೆ ಬೆಂಕಿ ಆರುತ್ತಾ ಬಂತು, ಹೊರಗೆ ಕೊರೆಯುವ ಗಾಳಿ. ಕಾದ ಮಣ್ಣಿನ ಹಂಚಿಗೆ ನೀರು ಸುರಿದ ಹಾಗೆ, ಹೆಡ್ ಸೀಳಬಹುದು ಅನ್ನೋದು ಭಯ. ಇಂಥ ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿಯೇ ಹೇಳುತ್ತದೆ, ಹೆಡ್‌ನ ಬಿಸಿ ನಿಮಿಷಕ್ಕೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 28 ಡಿಗ್ರಿ ಸೆಲ್ಸಿಯಸ್‌ಗಿಂತ, ಬೇಗ ಇಳಿಯಬಾರದು ಅಂತ. ಅದಕ್ಕೇ ಪೈಲಟ್‌ಗಳು ಮೊದಲೇ ಲೆಕ್ಕ ಹಾಕಿ ಪವರ್ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾರೆ.

ಇದೆಲ್ಲ ಸುಮ್ನೆ ಹೆದರಿಕೆ ಅನ್ನುವವರೂ ಇದ್ದಾರೆ. ಟೇಕಾಫ್‌ನಲ್ಲಿ ಬಿಸಿ ಅಷ್ಟು ಬೇಗ ಏರುತ್ತದಲ್ಲ, ಆಗ ಸೀಳದ ಹೆಡ್ ಇಳಿಯುವಾಗ ಯಾಕೆ ಸೀಳಬೇಕು ಅಂತ ಅವರ ಪ್ರಶ್ನೆ. ಮಾತು ತೆಗೆದುಹಾಕುವಂಥದ್ದಲ್ಲ. ಆದರೂ ನಿಧಾನವಾಗಿ ಇಳಿದರೆ ಗಂಟು ಹೋಗುವುದೇನು?

ನನ್ನ ಪ್ರಕಾರ ಜಾಸ್ತಿ ಕೇಡು ಚಳಿಯಲ್ಲಿ ಹಾಗೇ ಸ್ಟಾರ್ಟ್ ಮಾಡುವುದರಲ್ಲಿದೆ. ಆಯಿಲ್ ಜೋನಿ ಬೆಲ್ಲದಂತೆ ಗಟ್ಟಿಯಾಗಿರುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಕೇಸು ಕುಗ್ಗಿ, ಒಳಗೆ ತಿರುಗುವ ಉಕ್ಕಿನ ಕ್ರ್ಯಾಂಕ್ ಸುತ್ತ ಬೇರಿಂಗಿನ ಸಂದು ಕಿರಿದಾಗಿರುತ್ತದೆ. ಆಯಿಲ್ ತಲುಪುವ ಮೊದಲೇ ಲೋಹಕ್ಕೆ ಲೋಹ ಉಜ್ಜುತ್ತದೆ. ಅದಕ್ಕೇ ಮೈನಸ್ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮೊದಲು ಕಾಯಿಸಬೇಕು. ಬರೀ ಆಯಿಲ್ ಅಲ್ಲ, ಇಡೀ ಎಂಜಿನ್. ಇನ್ನೊಂದು ವಿಷಯ ಕೇಳಿ ನನಗೇ ಆಶ್ಚರ್ಯವಾಯಿತು. ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪಿನ ಬಾಯಲ್ಲಿ ಎಂಜಿನ್ನಿನ ಆವಿಯೇ ಹೆಪ್ಪುಗಟ್ಟಬಹುದಂತೆ. ಒಳಗಿನ ಒತ್ತಡಕ್ಕೆ ದಾರಿ ಇಲ್ಲದೆ ಕ್ರ್ಯಾಂಕಿನ ಮುಂಭಾಗದ ಆಯಿಲ್ ಸೀಲು ಹೊರಗೆ ಹಾರಿ, ಆಯಿಲ್ ಎಲ್ಲ ಖಾಲಿ! ಪೈಪಿಗೂ ಅಲ್ಲಿ ಬೆಚ್ಚನೆ ಸುತ್ತುತ್ತಾರೆ.

ನಿನ್ನೆ ಒಬ್ಬ ಹುಡುಗ ಧಾರವಾಡದಿಂದ ಬುಲೆಟ್ ಹೊಡೆದುಕೊಂಡು ಬಂದು, ಇಳಿದವನೇ ವಾಟರ್ ವಾಶ್ ಪೈಪ್ ಎತ್ತಿಕೊಂಡ. ಕಸಿದುಕೊಂಡೆ. “ಮೊದ್ಲ ಒಂದ್ ಚಾ ಕುಡಿದ್ ಬಾ ತಮ್ಮಾ” ಅಂದೆ. ಮುಖ ಊದಿಸಿಕೊಂಡು ಹೋದ.