ನನ್ನ ಕಾರಿಗೇ ನಾನು ಕಳ್ಳನಾ?

ಬೆಳಿಗ್ಗೆ ಅವಸರದಲ್ಲಿ ಹೊರಟು ಕೀ ತಿರುಗಿಸಿದೆ. ಇಂಜಿನ್ ಗುರ್ ಅಂದು ಎರಡೇ ಸೆಕೆಂಡಿಗೆ ನಿಂತುಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಬೀಗದ ಗುರುತಿನ ಕೆಂಪು ದೀಪ ಪಟಪಟ ಮಿನುಗುತ್ತಿತ್ತು. ಮತ್ತೆ ತಿರುಗಿಸಿದೆ, ಅದೇ ಕತೆ. ನನ್ನದೇ ಕಾರು, ನನ್ನದೇ ಕೀ. ಹೊಟ್ಟೆ ಉರಿಯುತ್ತೆ ಅಲ್ವಾ?

ಅದು ಕಾರಿನ ಕಳ್ಳತನ ತಡೆಯುವ ವ್ಯವಸ್ಥೆಯ ದೀಪ. ಲಾಕ್ ಮಾಡಿ ನಿಲ್ಲಿಸಿದಾಗ ಈ ದೀಪ ಮಿನುಗಿದರೆ ಚಿಂತೆಯಿಲ್ಲ, ಕಾವಲು ನಡೆದಿದೆ ಅಂತ ಅರ್ಥ. ಇಗ್ನಿಷನ್ ಆನ್ ಮಾಡಿದ ಮೇಲೂ ಮಿನುಗುತ್ತಿದ್ದರೆ ಕಾರಿಗೆ ಕೀಯ ಗುರುತು ಸಿಕ್ಕಿಲ್ಲ ಅಂತ, ಅದಕ್ಕೇ ಇಂಜಿನ್ ಓಡಲು ಬಿಡುವುದಿಲ್ಲ. ಕೀಯ ಪ್ಲಾಸ್ಟಿಕ್ ಹಿಡಿಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಡ. ಕೀ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿಯೇ ಅದಕ್ಕೆ ಕರೆಂಟು ಕೊಟ್ಟು ಕೋಡ್ ಓದಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ರಿಮೋಟಿನ 3 ವೋಲ್ಟ್ ಸೆಲ್ ಬದಲಿಸಿದೆ. ಏನೂ ಆಗಲಿಲ್ಲ. (ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಸೆಲ್ ನೋಡಲೇಬೇಕು, ಅದು ಬೇರೆ ಮಾತು.)

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಕಾರನ್ನು ಕಣ್ಣಲ್ಲೂ ನೋಡದೆ, ಅದರ ಇಂಜಿನ್ ನಡೆಸುವ ಕಂಪ್ಯೂಟರನ್ನೇ ಬದಲಿಸಬೇಕು ಅಂದುಬಿಟ್ಟರು. ಇದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು. ಕೀ ಗೊಂಚಲು ಹೇಗಿದೆ ಅಂತ ಒಂದು ಮಾತು ಕೇಳಬಾರದಿತ್ತಾ?

ಹಿಂದಿನ ರಾತ್ರಿಯಷ್ಟೇ ಸ್ಪೇರ್ ಕೀಯನ್ನೂ ಅದೇ ಗೊಂಚಲಿಗೆ ಸೇರಿಸಿದ್ದೆ. ಎರಡು ಚಿಪ್ ಒಟ್ಟಿಗೆ ಹತ್ತಿರ ಬಂದರೆ ಓದುವಾಗ ಗೊಂದಲವಾಗಬಹುದು. ಒಂದನ್ನು ಬಿಚ್ಚಿ ಜೇಬಿಗೆ ಹಾಕಿ, ಇನ್ನೊಂದನ್ನು ತಿರುಗಿಸಿದೆ. ದೀಪ ಆರಿತು, ಇಂಜಿನ್ ಓಡಿತು. ಅಷ್ಟರಲ್ಲಿ ಅರ್ಧ ದಿನ ಹೋಗಿತ್ತು.