ನಾರ್ವೆ ಮೀನು, ನಮ್ಮ ಮೀನು: ಆ ಪೋಸ್ಟಿನ ಲೆಕ್ಕ ಸರಿಯಿಲ್ಲ

"ಪುಟ್ಟ ನಾರ್ವೆಯ ಮೀನುಗಾರಿಕೆ ಭಾರತದ ಎರಡರಷ್ಟು, ನಮ್ಮದು ಕುಸಿಯುತ್ತಿದೆ" ಅಂತ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟ್ ಓಡಾಡುತ್ತಿದೆ. ದಯವಿಟ್ಟು ಹಂಚಬೇಡಿ. ಅದರಲ್ಲಿರುವುದು ರಫ್ತಿನ ಲೆಕ್ಕ ಮಾತ್ರ.

ನಾರ್ವೆ ತನ್ನ ಮೀನಿನ ಬಹುಪಾಲು ಹೊರಗೆ ಮಾರುತ್ತದೆ. ನಮ್ಮಲ್ಲಿ 2022-23ರಲ್ಲಿ ಸುಮಾರು 175 ಲಕ್ಷ ಟನ್ ಉತ್ಪಾದನೆ ಆಯಿತು, ರಫ್ತಾಗಿದ್ದು 17 ಲಕ್ಷ ಟನ್ ಚಿಲ್ಲರೆ. ಉಳಿದದ್ದು ಹೆಚ್ಚೂಕಮ್ಮಿ ಇಲ್ಲೇ ಖರ್ಚಾಯಿತು. ಕೆರೆ ಏರಿ ಮೇಲೆ ತಕ್ಕಡಿ ಇಟ್ಟುಕೊಂಡು, ಆಗಷ್ಟೇ ಬಲೆಯಿಂದ ತೆಗೆದ ಕಾಟ್ಲಾ, ರೋಹು ತೂಗಿ, ಹೊಟ್ಟೆ ಸೀಳಿ ಕ್ಲೀನ್ ಮಾಡಿ ಕೊಡುತ್ತಾರಲ್ವಾ, ಆ ದುಡ್ಡು ರಫ್ತಿನ ಪಟ್ಟಿಗೆ ಬರುವುದೇ ಇಲ್ಲ.

ಇನ್ನು ಕುಸಿತದ ಮಾತು. 2023-24ರಲ್ಲಿ ನಮ್ಮ ರಫ್ತು 63,969 ಕೋಟಿಯಿಂದ ಸುಮಾರು 60,524 ಕೋಟಿ ರೂಪಾಯಿಗೆ ಇಳಿದದ್ದು ನಿಜ. ಆದರೆ ತೂಕ 17.35ರಿಂದ 17.81 ಲಕ್ಷ ಟನ್‌ಗೆ ಏರಿತ್ತು. ಬಿದ್ದದ್ದು ರೇಟು, ಅದರಲ್ಲೂ ಸಿಗಡಿಯದು. ನಾರ್ವೆಯದು ಉಲ್ಟಾ: 2023ರಲ್ಲಿ ತೂಕ ಕಡಿಮೆಯಾದರೂ ರಫ್ತು ದಾಖಲೆಯ 172 ಬಿಲಿಯನ್ ಕ್ರೋನ್ (ನಾರ್ವೆಯ ಹಣ) ಮುಟ್ಟಿತು, ಅದಕ್ಕೆ ಕ್ರೋನ್ ಬೆಲೆ ಬಿದ್ದು, ಹೊರಗಿನಿಂದ ಬಂದ ಹಣಕ್ಕೆ ಹೆಚ್ಚು ಕ್ರೋನ್ ಸಿಕ್ಕಿದ್ದೂ ಒಂದು ಕಾರಣ.

ಹೋಲಿಸುವುದಾದರೆ ಒಟ್ಟು ಉತ್ಪಾದನೆಯ ಮೌಲ್ಯ ತಗೊಳ್ಳಿ, ಬೆಲೆ ಏರಿಕೆ ಕಳೆದು ನೋಡಿ. ಸುಮ್ನೆ ಇಂಥ ಪೋಸ್ಟ್ ನಂಬಿ, ಕೆರೆ ಗುತ್ತಿಗೆ ಹಿಡಿದವರು ಮರಿ ಬಿಡೋದನ್ನು ನಿಲ್ಲಿಸಬೇಡಿ.